ಪುಕ್ಕಟೆ ಕೊಟ್ಟ ಸೊಪ್ಪು

ಶಿವಲಿಂಗಮ್ಮ ಉಣ್ಣುವ ಹೆಣ್ಣು. ಸುರಪುರದ ಕಡೆಯ ಅವಳ ಊರಿನಲ್ಲಿ ಉಳಿದ ಹೆಂಗಸರು ರೊಟ್ಟಿ ಬಡಿಯುವುದರಲ್ಲಿ ಹೆಸರು ಮಾಡಿದರೆ, ಇವಳು ರೊಟ್ಟಿ ತಿನ್ನುವುದರಲ್ಲಿ ಹೆಸರು ಮಾಡಿದ್ದಳು. ಮದುವೆಯ ಹೊಸದರಲ್ಲಿ ಅತ್ತೆ ಬೀಗರ ಎದುರಿಗೇ, "ನಮ್ಮ ಸೊಸಿ ಉಂಡು ಎದ್ದಳಂದ್ರ ರೊಟ್ಟಿಬುಟ್ಟಿ ತೊಳದು ಇಟ್ಟಂಗ ಇರತದ" ಎಂದು ಚುಚ್ಚಿದಾಗ, "ಬುಟ್ಟಿ ಸಣ್ಣದದ ಅತ್ತಿ, ದೊಡ್ಡದು ತರಸ್ರಿ" ಎಂದು ನಗುತ್ತಲೇ ಹೇಳಿದವಳು.

ಗಂಡ ಅಮರೇಶ್ವರ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು. ನ್ಯೂಜೆರ್ಸಿಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ೧೯೬೯ರಲ್ಲಿ ಬಂದ. ಮರುವರ್ಷ ಶಿವಲಿಂಗಮ್ಮ ಬಂದಳು. ಸಮರ್‌ಸೆಟ್‌ನ ಎರಡನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೇ ಇದ್ದರು, ಮಕ್ಕಳಾಗಲಿಲ್ಲ. ಸುತ್ತಲಿನ ಕನ್ನಡದ ಮನೆಗಳು ಹೆಚ್ಚಾಗಿ ಬೆಂಗಳೂರು, ಮೈಸೂರಿನವರದು. ಅವರಿಗೆ ಇವಳ ಶೇಂಗಾ ಚಟ್ನಿ ಬೇಕು, ಇವಳ ಮಾತು ಕೇಳಿದರೆ ನಗು. ಅವರು ನಗುವುದಕ್ಕೆ ಮೊದಲೇ ಇವಳು ನಕ್ಕುಬಿಡುತ್ತಿದ್ದಳು. ಅದರಿಂದ ಅರ್ಧ ಅವಮಾನ ತಪ್ಪುತ್ತಿತ್ತು.

೧೯೭೫ರ ಬೇಸಿಗೆಯಲ್ಲಿ ಎಡ ಎದೆಯಲ್ಲಿ ಗಂಟು ಕಂಡಿತು. ಕೊಯ್ದು ತೆಗೆದರು. ಆಮೇಲೆ ರಕ್ತನಾಳಕ್ಕೆ ಬಿಡುವ ಔಷಧಿ ಶುರುವಾಯಿತು. ಅದು ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ; ಗಂಟಿನ ಕೋಶ ಯಾವುದು, ಕರುಳಿನ ಒಳಪದರದ ಕೋಶ ಯಾವುದು ಎಂಬ ಭೇದ ಅದಕ್ಕೆ ತಿಳಿಯುವುದಿಲ್ಲ. ಸೂಜಿ ಹಾಕಿಸಿಕೊಂಡು ಬಂದ ಮೇಲೆ ಶಿವಲಿಂಗಮ್ಮನಿಗೆ ನೀರು ಕೂಡ ನಿಲ್ಲುತ್ತಿರಲಿಲ್ಲ. ಅನ್ನದ ಗಂಜಿ ಬಾಯಿಗೆ ತಂದರೆ ಸಾಕು, ಹೊಟ್ಟೆ ಹಿಂಡಿಕೊಂಡು ಬರುತ್ತಿತ್ತು. ಕೈಬಳೆ ಮೊಣಕೈಯವರೆಗೆ ಜಾರತೊಡಗಿದವು. ಡಾಕ್ಟರು ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದರು: ತೂಕ ಹೀಗೇ ಇಳಿಯುತ್ತ ಹೋದರೆ ಈ ಔಷಧಿಯನ್ನು ಆಕೆಯ ದೇಹ ತಾಳುವುದಿಲ್ಲ, ನಿಲ್ಲಿಸಬೇಕಾಗುತ್ತದೆ. ಔಷಧಿ ನಿಲ್ಲಿಸಿದರೆ ಏನು ಎಂದು ಅಮರೇಶ್ವರ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಉಣ್ಣಬೇಕು, ಇಲ್ಲದಿದ್ದರೆ ಸಾಯಬೇಕು. ಉಣ್ಣುವುದರಲ್ಲೇ ಹೆಸರಾದವಳಿಗೆ ಇಂಥ ಮಾತು ಬಂದಿತ್ತು.

ಅಮರೇಶ್ವರನಿಗೆ ಪ್ರತಿ ಸಲ ರಜೆ ಸಿಗುತ್ತಿರಲಿಲ್ಲ. ರೋಗಿಗಳನ್ನು ಮನೆಯಿಂದ ಕರೆದೊಯ್ಯಲು ಆಸ್ಪತ್ರೆಯ ವ್ಯಾನ್ ಇತ್ತು. ಅದನ್ನು ಓಡಿಸುತ್ತಿದ್ದವನು ಟೋನಿ ಎಂಬ ಕಪ್ಪು ಹುಡುಗ. ಹುಡುಗ ಅಂದರೆ ಹುಡುಗನೇನಲ್ಲ, ವಿಯೆಟ್ನಾಮಿನ ಯುದ್ಧಕ್ಕೆ ಹೋಗಿ ಮೊಣಕಾಲು ಕೆಡಿಸಿಕೊಂಡು ಬಂದಿದ್ದ. ಅವಳ ಹೆಸರು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಗಂಡನ ಹೆಸರಿನ ಮೊದಲ ಅಕ್ಷರ ಹಿಡಿದು 'ಮಿಸೆಸ್ ಎ' ಎನ್ನುತ್ತಿದ್ದ. ಅವಳು ಅವನನ್ನು 'ಟೋನಿ ತಮ್ಮಾ' ಎನ್ನುತ್ತಿದ್ದಳು. ಅವಳ ಇಂಗ್ಲಿಷು ಅರ್ಧಂಬರ್ಧ, ಉಳಿದದ್ದನ್ನು ಕೈ ಹೇಳುತ್ತಿತ್ತು. ಅವಳ ಸೀಟಿನ ಹತ್ತಿರ ಟೋನಿ ತಾನಾಗಿಯೇ ಒಂದು ಬಕೆಟ್ಟು ಇಟ್ಟಿದ್ದ.

ಅಕ್ಟೋಬರಿನ ಒಂದು ದಿನ ಅವಳು ಆ ಬಕೆಟ್ಟಿನ ಮೇಲೆ ಬಗ್ಗಿದವಳು ಏಳಲೇ ಇಲ್ಲ. ಟೋನಿ ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿದ.

"ಮಿಸೆಸ್ ಎ, ನಾನೊಂದು ಮಾತು ಹೇಳ್ತೀನಿ. ನಿಮ್ಮ ಯಜಮಾನರಿಗೆ ಹೇಳಬೇಡಿ. ಸೈನ್ಯದ ಆಸ್ಪತ್ರೆಯಲ್ಲಿ ನಮ್ಮ ಹುಡುಗರು ಏನೂ ತಿನ್ನೋಕಾಗದೆ ಬಿದ್ದಿರುತ್ತಿದ್ದರು. ಇದನ್ನ ಸೇದಿದ ಮೇಲೆ ತಿಂದರು."

ಪೇಪರಿನಲ್ಲಿ ಸುತ್ತಿದ ಒಂದು ಪುಟ್ಟ ಪೊಟ್ಟಣ ಅವಳ ಕೈಗಿಟ್ಟ. ಅವಳು ಬಿಚ್ಚಿದಳು. ಒಂದೆಸಳು ಅಂಗೈಯಲ್ಲಿ ತಿಕ್ಕಿ ಮೂಸಿದಳು. ಎಷ್ಟೋ ವಾರಗಳ ಮೇಲೆ ಅವಳ ಮುಖದಲ್ಲಿ ನಗು ಬಂತು.

"ಅಯ್ಯ ತಮ್ಮಾ, ಇದು ಭಂಗಿ ಸೊಪ್ಪು! ನಮ್ಮಪ್ಪನ ಮಠದಾಗ ಶಿವರಾತ್ರಿಗೆ ನಾನೇ ಅರೀತಿದ್ದೆ!"

ಇದಿಷ್ಟನ್ನೂ ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲೂ ಕೈಯಲ್ಲೂ ತಿಳಿಸಿದಳು. ಅವಳ ತಂದೆ ಊರಿನ ಸಣ್ಣ ಮಠದಲ್ಲಿ ಪೂಜೆ ನೋಡಿಕೊಳ್ಳುತ್ತಿದ್ದರು. ಶಿವರಾತ್ರಿಯಂದು ಅಲ್ಲಿ ಭಂಗಿಯನ್ನು ಹಾಲಿನಲ್ಲಿ ಕದಡಿ ನೈವೇದ್ಯ ಮಾಡುತ್ತಿದ್ದರು, ಬಂದವರಿಗೆಲ್ಲ ಒಂದೊಂದು ಗುಟುಕು ಪ್ರಸಾದ.

"ನಿಮ್ಮ ದೇವರು ಇದನ್ನ ಕುಡಿತಾನಾ?" ಟೋನಿ ಕಣ್ಣರಳಿಸಿದ.

"ಕುಡಿತಾನ. ನಮಗೂ ಕೊಡತಾನ."

"ನಮ್ಮಮ್ಮ ಇದರ ವಾಸನೆ ಬಂದರೆ ನನ್ನನ್ನ ಬಾಗಿಲ ಒಳಗೆ ಬಿಡಲ್ಲ. ನಿಮ್ಮ ದೇವರ ವಿಳಾಸ ಕೊಡಿ, ನಾನು ಅಲ್ಲಿಗೇ ಹೋಗಿ ಇರ್ತೀನಿ."

ಅವಳು ಪರ್ಸು ತೆಗೆದಳು. ಅವನು ಅವಳ ಕೈ ತಳ್ಳಿದ. ಕಾಯಿಲೆಯವರ ಹತ್ತಿರ ಕಾಸು ತಗೊಳ್ಳುವ ಮನುಷ್ಯ ತಾನಲ್ಲ ಎಂದ. ಶಿವಲಿಂಗಮ್ಮನಿಗೆ ಅದು ಸರಿಯಾಗಿಯೇ ಅರ್ಥವಾಯಿತು. ಮಾರುವವನು ಬೇರೆ, ಕೊಡುವವನು ಬೇರೆ. ಇದರಲ್ಲಿ ಬಿಡಿಸಿ ಹೇಳುವುದೇನೂ ಇರಲಿಲ್ಲ.

ಆ ಸಂಜೆ ಅಮರೇಶ್ವರ ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತ.

"ಏನಿದು ವಾಸನಿ?"

"ಶಿವನ ವಾಸನಿ."

ಅವನು ಒಳಗೆ ಬಂದು ಬಾಗಿಲು ಮುಚ್ಚಿದ. "ಹುಚ್ಚು ಹಿಡದದೇನ ನಿನಗ? ಇಲ್ಲಿಯ ಕಾನೂನು ಗೊತ್ತದೇನು? ಒಂದು ಚಿಟಿಕಿ ಸಿಕ್ಕು ಕೇಸಾತಂದ್ರ ಗ್ರೀನ್ ಕಾರ್ಡ್ ಕಿತಗೊಂಡು ಊರಿಗೆ ಅಟ್ಟತಾರ. ಚೆಲ್ಲು ಅದನ್ನ."

"ಚೆಲ್ಲತೀನಿ. ಮೊದಲ ಈ ರೊಟ್ಟಿ ಮುಗಸ್ತೀನಿ, ತಡೀರಿ."

ಆಗ ಅವನು ತಟ್ಟೆ ನೋಡಿದ. ಊರಿಂದ ತರಿಸಿದ ಜೋಳದ ಹಿಟ್ಟಿನ ರೊಟ್ಟಿ, ಒಂದಿಷ್ಟು ಬೇಳೆ. ಅವಳು ಮುರಿದು, ಅದ್ದಿ, ಅಗಿದು, ನುಂಗಿದಳು. ಅದು ಹೊಟ್ಟೆಯಲ್ಲಿ ನಿಂತಿತು. ಇನ್ನೊಂದು ತುಂಡು ಮುರಿದಳು. ಅಮರೇಶ್ವರ ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತು ನೋಡಿದ. ತಟ್ಟೆ ಖಾಲಿಯಾದಾಗ ಎದ್ದು ಹೋಗಿ ಕಿಟಕಿ ತೆರೆದ, ವಾಸನೆ ಹೋಗಲಿ ಎಂದು. ಚೆಲ್ಲು ಎಂದು ಮತ್ತೆ ಹೇಳಲಿಲ್ಲ.

ಅಂದಿನಿಂದ ವ್ಯಾನು ಹತ್ತಿದಾಗಲೆಲ್ಲ ಟೋನಿ ಒಂದು ಪೊಟ್ಟಣ ಕೊಡುತ್ತಿದ್ದ. ಆಮೇಲಿನ ದಿನಗಳಲ್ಲಿ ಅಮರೇಶ್ವರನೊಳಗಿನ ಕೆಮಿಸ್ಟನೇ ಅವನನ್ನು ಗೆದ್ದ. ಹೆಂಡತಿ ಸೊಪ್ಪನ್ನು ನೀರಿನಲ್ಲಿ ತೊಳೆತೊಳೆದು ಆ ನೀರು ಚೆಲ್ಲುವುದನ್ನೂ, ಆಮೇಲೆ ತುಪ್ಪದಲ್ಲಿ ಬಾಡಿಸಿ, ಗಸಗಸೆ ಮೆಣಸಿನ ಜೊತೆ ಅರೆದು ಹಾಲಿಗೆ ಹಾಕುವುದನ್ನೂ ನೋಡಿದ. ಇದರ ಸತ್ವ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮಣ್ಣು, ಕಹಿ ನೀರಿಗೆ ಹೋಗುತ್ತವೆ, ಬೇಕಾದದ್ದು ತುಪ್ಪದಲ್ಲಿ ಉಳಿಯುತ್ತದೆ. ಹೊಟ್ಟೆಯಿಂದ ರಕ್ತಕ್ಕೆ ಸೇರಲು ಒಂದು ತಾಸಾದರೂ ಬೇಕು. ಆದ್ದರಿಂದ ಊಟಕ್ಕೆ ಬಹಳ ಮುಂಚೆಯೇ ಕುಡಿಯಬೇಕು, ತಡವಾಯಿತೆಂದು ಇನ್ನಷ್ಟು ಕುಡಿಯಬಾರದು. ಲ್ಯಾಬಿನಿಂದ ಒಂದು ಅಳತೆಯ ಚಮಚ ತಂದು, "ಇದಕ್ಕ ಒಂದು ಹನಿ ಹೆಚ್ಚು ಬ್ಯಾಡ" ಎಂದ. ಡಿಸೆಂಬರಿನ ಹೊತ್ತಿಗೆ ಅವಳ ತೂಕ ಇಳಿಯುವುದು ನಿಂತಿತು. ಜನವರಿಯಲ್ಲಿ ಸ್ವಲ್ಪ ಏರಿತು. ಆಸ್ಪತ್ರೆಯ ಡಾಕ್ಟರು ತೂಕದ ಚೀಟಿ ನೋಡಿ ಹುಬ್ಬೇರಿಸಿದರು, ಔಷಧಿಯ ಮುಂದಿನ ಸುತ್ತು ಕೊಟ್ಟರು.

ಶಿವರಾತ್ರಿ ಬಂತು. ಬದುಕಿ ಉಳಿದದ್ದಕ್ಕಾದರೂ ಮನೆಯಲ್ಲಿ ಪೂಜೆ ಆಗಬೇಕೆಂದು ಶಿವಲಿಂಗಮ್ಮ ಹಟ ಹಿಡಿದಳು. ನಾಲ್ಕು ಮನೆಯವರನ್ನು ಸಂಜೆಗೆ ಕರೆದರು.

"ಅದನ್ನ ಮಾತ್ರ ಹೊರಗ ತರಬ್ಯಾಡ" ಎಂದ ಅಮರೇಶ್ವರ.

"ಶಿವರಾತ್ರಿ ದಿನ ಶಿವಗ ತೋರಸದ ನಾ ಒಬ್ಬಾಕಿ ಹ್ಯಾಂಗ ಕುಡೀಲಿ? ಲಿಂಗಕ್ಕ ತೋರಸಿ ಒಳಗ ಇಡತೀನಿ."

ಹಾಗೆಯೇ ಮಾಡಿದಳು. ಬೆಳ್ಳಿಯ ಬಟ್ಟಲಲ್ಲಿ ಲಿಂಗಕ್ಕೆ ಅರ್ಪಿಸಿ, ಅಡುಗೆಮನೆಯಲ್ಲಿ ಮುಚ್ಚಿಟ್ಟಳು. ಪೂಜೆ ಮುಗಿದ ಮೇಲೆ ಪದ್ಮಜಾ ಒಳಗೆ ಬಂದಳು. ಮೈಸೂರಿನವಳು, ಡಾಕ್ಟರ್ ದ್ವಾರಕಾನಾಥನ ಹೆಂಡತಿ. ಬಟ್ಟಲಿನ ಮುಚ್ಚಳ ತೆಗೆದು ನೋಡಿದಳು.

"ಏನ್ರೀ ಶಿವಲಿಂಗಮ್ಮ, ಬಾದಾಮಿ ಹಾಲು ನಮಗೆಲ್ಲ ಇಲ್ವಾ? ದೇವರಿಗೆ ಮಾತ್ರಾನಾ?"

ಎಂದು ನಗುತ್ತ ಅಂಗೈ ಚಾಚಿದಳು.

ಇಲ್ಲ ಎನ್ನುವುದಕ್ಕೆ ಬೇಕಾದಷ್ಟು ಕಾರಣಗಳಿದ್ದವು. ಆದರೆ ಅರ್ಪಿಸಿದ್ದು ಪ್ರಸಾದ. ಪ್ರಸಾದಕ್ಕೆ ಕೈ ಚಾಚಿದವರಿಗೆ ಇಲ್ಲ ಎನ್ನುವುದನ್ನು ಶಿವಲಿಂಗಮ್ಮ ಹುಟ್ಟಿದಾಗಿನಿಂದ ಕಂಡೇ ಇರಲಿಲ್ಲ. ಅಂಗೈಗೆ ಒಂದು ಚಮಚ ಹಾಕಿದಳು. "ಇಷ್ಟ ಸಾಕ್ರಿ ಅಕ್ಕಾ, ಇದು ನನ್ನ ಔಷಧ" ಎಂದಳು. ಹಣ್ಣಿನ ತಟ್ಟೆಯೊಂದಿಗೆ ಅವಳು ಹೊರಗೆ ಹೋದಾಗ ಪದ್ಮಜಾ, ಉಪವಾಸದ ಹೊಟ್ಟೆಯಲ್ಲಿ, ಬಟ್ಟಲನ್ನೇ ಎತ್ತಿ ಅರ್ಧ ಕುಡಿದಿದ್ದಳು.

ಒಂದು ತಾಸಿನ ಮೇಲೆ ಪದ್ಮಜಾ ನಗಲು ಶುರುಮಾಡಿ ಅಳುವುದರಲ್ಲಿ ಮುಗಿಸಿದಳು. ಎದೆ ಹೊಡೆದುಕೊಳ್ಳುತ್ತಿದೆ, ಸಾಯ್ತೀನಿ ಎಂದಳು. ಅವಳು ಸಾಯುವುದಿಲ್ಲ, ಮಲಗಿದರೆ ಇಳಿಯುತ್ತದೆ ಎಂದು ಅಮರೇಶ್ವರನಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಶಿವರಾತ್ರಿಯ ಹಾಲು, ಈ ಲಕ್ಷಣ ಎರಡನ್ನೂ ಕೂಡಿಸಿ ಇದು ಭಂಗಿಯೇ ಎಂದು ಊಹಿಸಿದ ದ್ವಾರಕಾನಾಥ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಏನು ತಿಂದಳು ಎಂದು ಅಲ್ಲಿ ಕೇಳಿದಾಗ, ಎಲ್ಲಿ ತನ್ನ ಲೈಸೆನ್ಸಿಗೆ ಕುತ್ತು ಬರುತ್ತದೋ ಎಂದು ಹೆದರಿ, ಯಾರ ಮನೆಯಲ್ಲಿ ಎಂಬುದನ್ನೂ ಸೇರಿಸಿಯೇ ಹೇಳಿದ.

ಮರುದಿನ ಬೆಳಗ್ಗೆ ಇಬ್ಬರು ಪೊಲೀಸರು ಬಂದರು. ಹಿಟ್ಟಿನ ಡಬ್ಬಿಯ ಹಿಂದೆ ಇದ್ದ ಪೊಟ್ಟಣ ಸಿಕ್ಕಿತು. ಹಿರಿಯವನು ಒರಟನೇನೂ ಅಲ್ಲ. ಶಿವಲಿಂಗಮ್ಮನ ತಲೆಯ ಮೇಲಿನ ಬಟ್ಟೆ, ಹುಬ್ಬಿಲ್ಲದ ಹಣೆ ನೋಡಿ ಟೋಪಿ ತೆಗೆದು ನಿಂತ. ಇದು ಎಲ್ಲಿಂದ ಬಂತೆಂದು ಹೇಳಿದರೆ ನಿಮ್ಮ ಹೆಸರಿನಲ್ಲಿ ಕೇಸು ಆಗುವುದಿಲ್ಲ ಎಂದ.

"ಊರಿಂದ ತಂದದ್ದು ಅನ್ರಿ" ಎಂದಳು ಶಿವಲಿಂಗಮ್ಮ ಕನ್ನಡದಲ್ಲಿ.

"ಹಂಗಂದ್ರ ಕಳ್ಳಸಾಗಣಿ ಆಗತದ. ಸುಮ್ಮನಿರು."

"ರೀ, ಬ್ಯಾಡ್ರಿ."

ಅಮರೇಶ್ವರ ಗೋಡೆ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದ: "ವ್ಯಾನ್ ಡ್ರೈವರ್. ಟೋನಿ. ಒಂದೇ ಸಲ."

ಅವರು ಹೋದ ಮೇಲೆ ಅವನು ಹೆಂಡತಿಯ ಮುಂದೆ ನೆಲದ ಮೇಲೆ ಕೂತ. "ನಮ್ಮನ್ನ ಅಟ್ಟಿದ್ರ ನಿನ್ನ ಔಷಧಿ ಎಲ್ಲಿ ಸಿಗತಿತ್ತು, ಹೇಳು. ಒಂದೇ ಸಲ ಅಂದೀನಿ, ಅವಗ ಏನೂ ಆಗೂದಿಲ್ಲ. ಅವರ ಮಂದಿಗೆ ಇದೆಲ್ಲ ರೂಢಿ."

"ಅವರ ಮಂದಿಗೆ!" ಅವಳು ನಿಧಾನವಾಗಿ ಅಂದಳು. "ನಿಮ್ಮಜ್ಜ ಏನ್ ಕುಡೀತಿದ್ದ, ಹಾರ್ಲಿಕ್ಸಾ?"

ಅವನು ಎದ್ದು, ಪೊಲೀಸರು ಕೆದರಿದ ಡಬ್ಬಿಗಳನ್ನು ಜೋಡಿಸತೊಡಗಿದ.

ಟೋನಿಯನ್ನು ಹಿಡಿದು ಕೇಸು ಹಾಕಿದರು, ವ್ಯಾನಿಗೆ ಹೊಸ ಡ್ರೈವರ್ ಬಂದ. ಕನ್ನಡದ ಮನೆಗಳಿಂದ ಫೋನು ಬರುವುದು ನಿಂತಿತು. ದ್ವಾರಕಾನಾಥ ಮುಂದಿನ ಕೂಟದಲ್ಲಿ, "ಅವರ ಮನೆಗೆ ಮಕ್ಕಳನ್ನ ಕರ್ಕೊಂಡು ಹೋಗಬೇಡಿ" ಎಂದನಂತೆ. ಒಂದು ಮಧ್ಯಾಹ್ನ ಪದ್ಮಜಾ ಮಾತ್ರ ಫೋನ್ ಮಾಡಿದಳು, ಗಂಡ ಮನೆಯಲ್ಲಿ ಇಲ್ಲದಾಗ.

"ನನಗೆ ನಿಮ್ಮ ಮೇಲೆ ಕೋಪ ಇಲ್ಲ ಕಣ್ರೀ. ನೀವು ಒಂದೇ ಚಮಚ ಕೊಟ್ಟಿದ್ದು. ಉಳಿದದ್ದು ನಾನೇ ಕುಡಿದೆ."

"ಹಂಗಾರ ಇದನ್ನ ನಿಮ್ಮ ಯಜಮಾನರಿಗೆ ಹೇಳ್ರಿ ಅಕ್ಕಾ. ಒಬ್ಬರಿಗರೆ ಹೇಳ್ರಿ."

"ಇವರು ಏನಂತಾರೋ... ಆರೋಗ್ಯ ನೋಡ್ಕೊಳ್ಳಿ" ಎಂದು ಪದ್ಮಜಾ ಫೋನ್ ಇಟ್ಟುಬಿಟ್ಟಳು.

ಮಾರ್ಚಿನಲ್ಲಿ ಶಿವಲಿಂಗಮ್ಮ ಬಸ್ಸು ಹಿಡಿದು ಟೋನಿಯ ತಾಯಿ ಲುವೀನಿಯಾಳ ಮನೆ ಹುಡುಕಿಕೊಂಡು ಹೋದಳು. ಎತ್ತರದ, ಇಸ್ತ್ರಿ ಮಾಡಿದ ಉಡುಪಿನ ಹೆಂಗಸು. ಬಂದವಳು ಯಾರೆಂದು ತಿಳಿದ ಮೇಲೂ ಬಾಗಿಲು ಮುಚ್ಚಲಿಲ್ಲ, ಒಳಗೂ ಕರೆಯಲಿಲ್ಲ.

"ನಮ್ಮ ಚರ್ಚಿನಲ್ಲಿ ನನ್ನ ಮಗನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು, ಗೊತ್ತಾ? ನಾನು ಹಾಡುವ ಚರ್ಚು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು."

"ಅವನು ಕೆಟ್ಟವನಲ್ಲ ಅಮ್ಮಾ. ಅವನ ಕೈಯಿಂದ ನಾನು ಊಟ ಮಾಡಿದೆ. ಚಳಿಗಾಲ ಪೂರ್ತಿ."

"ನನಗೆ ಹೇಳಿ ಏನು ಬಂತು?" ಎಂದಳು ಲುವೀನಿಯಾ. "ಅವನ ವಕೀಲ ಅವನನ್ನು ಜೈಲಿಗೆ ಕಳಿಸದೆ ಬಿಡಿಸ್ತೀನಿ ಅಂದಿದಾನೆ. ಒಂದೇ ಸಲ, ಒಂದು ಪೊಟ್ಟಣ, ಅಷ್ಟೇ ಅಂತ. ಆದರೆ ಹೆಸರು? ಅವನು ಎಂಥವನು ಅಂತ ಯಾರು ಹೇಳ್ತಾರೆ?"

ಆ ಕೊನೆಯ ಪ್ರಶ್ನೆಯನ್ನು ಶಿವಲಿಂಗಮ್ಮ ತನಗೇ ಕೇಳಿದ್ದೆಂದು ತೆಗೆದುಕೊಂಡಳು.

ಅವಳ ಊರಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬನ ಮೇಲೆ ತಪ್ಪು ಬಂದು ಗೌಡರ ಕಟ್ಟೆಯ ಮುಂದೆ ನಿಲ್ಲಿಸಿದಾಗ, ಅವನಿಂದ ಉಪಕಾರವಾದವರು ಎದ್ದು ನಿಂತು ಋಣ ಹೇಳುತ್ತಿದ್ದರು. ಬರದ ವರ್ಷ ಇವನು ನಮಗೆ ಜೋಳ ಕೊಟ್ಟ, ಒಂದು ಸಲ ಅಲ್ಲ, ಹತ್ತು ಸಲ ಕೊಟ್ಟ, ನಮ್ಮ ಓಣಿಗೆಲ್ಲ ಕೊಟ್ಟ ಎಂದು. ಕೊಟ್ಟದ್ದು ಎಷ್ಟು ಹೆಚ್ಚೋ ಅಷ್ಟು ಅವನ ತಪ್ಪು ಹಗುರ. ಋಣವನ್ನು ಕಡಿಮೆ ಮಾಡಿ ಹೇಳುವುದು ಪಾಪ. ಗಂಡ 'ಒಂದೇ ಸಲ' ಎಂದದ್ದು ಅವಳಿಗೆ ಅದೇ ಪಾಪದಂತೆ ಕಂಡಿತು.

ಅವನಿಗೆ ತಿಳಿಸದೆ, ಟೋನಿಯ ವಕೀಲನನ್ನೂ ಕೇಳದೆ, ಅವಳು ಸರಕಾರಿ ವಕೀಲನ ಆಫೀಸಿಗೆ ಹೋದಳು. ಕೇಸು ಹಾಕಿದವನೇ ಗೌಡ, ಅವನಿಗೇ ಹೇಳಬೇಕು ಎಂಬುದು ಅವಳ ಲೆಕ್ಕ. ಅವನು ವಯಸ್ಸಿನಲ್ಲಿ ಚಿಕ್ಕವನು, ಬಹಳ ಮರ್ಯಾದಸ್ಥ. ಕುರ್ಚಿ ಕೊಟ್ಟ, ನೀರು ತರಿಸಿದ. ಅವಳ ಇಂಗ್ಲಿಷು ತಡವರಿಸಿದಾಗಲೆಲ್ಲ ಕಾದ.

"ಟೋನಿ ಮಾರಲಿಲ್ಲ ಸಾಹೇಬರೆ. ಕೊಟ್ಟ. ಕಾಸು ಮುಟ್ಟಲಿಲ್ಲ."

"ಸಂತೋಷ. ಒಂದು ಸಲ ಕೊಟ್ಟ, ಅಲ್ಲವೆ?"

"ಒಂದು ಸಲ ಅಲ್ಲ. ವ್ಯಾನು ಹತ್ತಿದಾಗಲೆಲ್ಲ ಕೊಟ್ಟ. ಅಕ್ಟೋಬರಿನಿಂದ."

"ನಿಮಗೆ ಮಾತ್ರ?"

ಅವಳು ನೆಟ್ಟಗೆ ಕೂತಳು. ಇಂಥ ಪ್ರಶ್ನೆಗಾಗಿಯೇ ಕಾದಿದ್ದಳು. "ನನಗೊಬ್ಬಳಿಗೇ ಅಲ್ಲ. ಗಂಟಲಿನ ಕಾಯಿಲೆಯ ಮುದುಕನೊಬ್ಬ ನನ್ನ ಪಕ್ಕ ಕೂರುತ್ತಿದ್ದ, ಅವನಿಗೂ ಕೊಟ್ಟ. ಟೋನಿಯ ಮನಸ್ಸು ಅಷ್ಟು ದೊಡ್ಡದು."

ಅವನು ಎಲ್ಲವನ್ನೂ ಬರೆದುಕೊಂಡ. ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಬಸ್ಸಿನಲ್ಲಿ ಕೂತಾಗ ಅವಳಿಗೆ ಎಷ್ಟೋ ದಿನಗಳ ಮೇಲೆ ಹಗುರವೆನಿಸಿತ್ತು.

ಆ ರಾಜ್ಯದ ಕಾನೂನಿನಲ್ಲಿ ಇನ್ನೊಬ್ಬರ ಕೈಗೆ ಕೊಡುವುದೇ ಅಪರಾಧ. ಮಾರಿದರೂ ಒಂದೇ, ದಾನ ಮಾಡಿದರೂ ಒಂದೇ. ಇಟ್ಟುಕೊಂಡವನಿಗೆ ಸಣ್ಣ ಶಿಕ್ಷೆ, ಹಂಚಿದವನಿಗೆ ಜೈಲು. ಟೋನಿಯ ವಕೀಲ ವಾರಗಟ್ಟಲೆ ಚೌಕಾಸಿ ಮಾಡಿ ಹಂಚಿದ ಆರೋಪವನ್ನು ಇಟ್ಟುಕೊಂಡ ಆರೋಪಕ್ಕೆ ಇಳಿಸಿಕೊಂಡು ಬಂದಿದ್ದ. ಶಿವಲಿಂಗಮ್ಮನ ಮಾತಿನಿಂದ ಅದು ಮುರಿದುಬಿತ್ತು. ಪ್ರತಿ ಪೊಟ್ಟಣವೂ ಬೇರೆ ಬೇರೆ ಅಪರಾಧವಾಯಿತು. ಮುದುಕನನ್ನು ಕರೆಸಿ ಕೇಳಿದರು; ಅವನೂ, ಪಾಪ, ಹೌದು ಕೊಟ್ಟ ಎಂದ.

ಜೂನಿನಲ್ಲಿ ತೀರ್ಪು. ಅಷ್ಟರಲ್ಲಿ ನಡೆದದ್ದು ಏನೆಂದು ಟೋನಿಯ ವಕೀಲನ ಬಾಯಿಂದ ಕೇಳಿ ಅಮರೇಶ್ವರನಿಗೆ ಗೊತ್ತಾಗಿತ್ತು. ಅವನು ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನುವ ಅಧಿಕಾರ ತನಗಿಲ್ಲವೆಂದು ಅವನಿಗೆ ತಿಳಿದಿತ್ತು. ಕೋರ್ಟಿಗೆ ಅವಳನ್ನು ಅವನೇ ಕರೆದುಕೊಂಡು ಹೋದ. ನ್ಯಾಯಾಧೀಶರು ಮೂರು ವರ್ಷ ಎಂದರು. ಆಸ್ಪತ್ರೆಯ ಕೆಲಸದಲ್ಲಿದ್ದು ನಿಸ್ಸಹಾಯಕ ರೋಗಿಗಳಿಗೆ ಮತ್ತೆ ಮತ್ತೆ ಕೊಟ್ಟದ್ದರಿಂದ ದಯೆ ತೋರಲಾಗದು ಎಂದೂ ಹೇಳಿದರು. ನಿಸ್ಸಹಾಯಕ ರೋಗಿ ಎಂದರೆ ತಾನೇ ಎಂದು ಅಮರೇಶ್ವರ ಬಿಡಿಸಿ ಹೇಳುವವರೆಗೆ ಅವಳಿಗೆ ಗೊತ್ತಾಗಲಿಲ್ಲ.

ಕಾರಿಡಾರಿನಲ್ಲಿ ಟೋನಿಯನ್ನು ಕರೆದೊಯ್ಯುತ್ತಿದ್ದರು. ಕೆಟ್ಟ ಮೊಣಕಾಲನ್ನು ಎಳೆದು ಹಾಕುತ್ತಿದ್ದವನು ಇವಳ ಮುಂದೆ ಒಂದು ಕ್ಷಣ ನಿಂತ.

"ಮಿಸೆಸ್ ಎ, ಅವರ ಹತ್ತಿರ ಯಾಕೆ ಹೋದಿರಿ?" ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

"ನಿನ್ನ ಋಣ ಹೇಳಲಿಕ್ಕ ಹೋಗಿದ್ದೆ ತಮ್ಮಾ" ಎಂದಳು. ಅದಕ್ಕೆ ಇಂಗ್ಲಿಷು ಅವಳ ಬಳಿ ಇರಲಿಲ್ಲ. ಅಮರೇಶ್ವರನ ಕಡೆ ನೋಡಿದಳು. ಅವನಿಗೂ ಆ ಮಾತಿಗೆ ಇಂಗ್ಲಿಷು ಹೊಳೆಯಲಿಲ್ಲ. ಟೋನಿ ಅರ್ಥವಾದವನಂತೆ ತಲೆಯಾಡಿಸಿ ಮುಂದೆ ಹೋದ. ಲುವೀನಿಯಾ ಅವಳ ಪಕ್ಕದಿಂದಲೇ, ಖಾಲಿ ಗೋಡೆಯ ಪಕ್ಕ ಹೋಗುವಂತೆ, ನಡೆದುಹೋದಳು.

ಶಿವರಾತ್ರಿಯ ನಂತರ ಮನೆಯಲ್ಲಿ ಸೊಪ್ಪು ಇರಲಿಲ್ಲ; ಸಿಕ್ಕಿದ್ದರೂ ಅವಳು ಮುಟ್ಟುತ್ತಿರಲಿಲ್ಲ. ಅಮರೇಶ್ವರ ತನ್ನ ಕೈಯಿಂದ ಗಂಜಿ ಮಾಡಿ ಸೋಸಿ ತರುತ್ತಿದ್ದ. ಎರಡು ಚಮಚ ಕುಡಿದು ಬಟ್ಟಲು ಸರಿಸುತ್ತಿದ್ದಳು, ಮತ್ತೆ ಅದೂ ಹೊರಗೆ ಬರುತ್ತಿತ್ತು. "ನಿಮ್ಮ ಕೈಯಾಗ ರುಚಿ ಇಲ್ರಿ" ಎಂದು ತಮಾಷೆ ಮಾಡಲು ನೋಡುತ್ತಿದ್ದಳು. ಅವನು ನಗಲು ನೋಡುತ್ತಿದ್ದ.

ಜುಲೈಯಲ್ಲಿ ಆಸ್ಪತ್ರೆಯ ಡಾಕ್ಟರು ಅವಳನ್ನು ತಕ್ಕಡಿಯಿಂದ ಇಳಿಸಿ, ಹಿಂದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರು.

"ಚಳಿಗಾಲದಲ್ಲಿ ನೀವು ಚೆನ್ನಾಗಿ ತಿನ್ನುತ್ತಿದ್ದಿರಿ. ಇದೇ ಔಷಧಿ, ಇದೇ ಪ್ರಮಾಣ. ಆಗ ಏನು ಮಾಡುತ್ತಿದ್ದಿರಿ ಹೇಳಿ. ನಿಮಗೂ ಉಪಯೋಗ, ನನ್ನ ಬೇರೆ ರೋಗಿಗಳಿಗೂ ಉಪಯೋಗ."

ಪ್ರಶ್ನೆ ನ್ಯಾಯವಾದದ್ದು. ಅಮರೇಶ್ವರ ತನ್ನ ಲ್ಯಾಬಿನಲ್ಲಿ ಕೇಳುತ್ತಿದ್ದುದೂ ಇಂಥ ಪ್ರಶ್ನೆಯನ್ನೇ. ಅವನು ಕುರ್ಚಿಯ ಅಂಚಿಗೆ ಬಂದ. ಹೀಗೇ ಮರ್ಯಾದೆಯಿಂದ ಕೇಳಿ ಬರೆದುಕೊಂಡ ಸರಕಾರಿ ವಕೀಲ ಶಿವಲಿಂಗಮ್ಮನಿಗೆ ನೆನಪಾದ; ಅವಳು ಗಂಡನ ಮೊಣಕೈ ಹಿಡಿದಳು. ಬೆರಳುಗಳಲ್ಲಿ ಅಷ್ಟು ಬಲ ಇನ್ನೂ ಉಳಿದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಏನೂ ಇಲ್ಲ ಡಾಕ್ಟರ್" ಎಂದಳು ತನ್ನ ಅರ್ಧ ಇಂಗ್ಲಿಷಿನಲ್ಲಿ. "ಚಳಿಗೆ ಹಸಿವು. ಅಷ್ಟೇ."

ಡಾಕ್ಟರು ಚೀಟಿಗಳನ್ನು ಒಟ್ಟುಗೂಡಿಸಿದರು. ಆ ದಿನ ಅವಳಿಗೆ ಸೂಜಿ ಹಾಕಲಿಲ್ಲ. ಮುಂದೆಯೂ ಹಾಕಲಿಲ್ಲ.